‘ಹಂಚಲಾಗಿದೆ’: ಒಂದು ಕರಪತ್ರದ ಸಂದರ್ಶನ

ಆಂಟಾಪ್ ಹಿಲ್‌ನ ಒಂದು ದವಾಖಾನೆಯ ಕಿಟಕಿಯಲ್ಲಿ, ಪೇಪರ್‌ವೇಟಿನಡಿ ಕಟ್ಟುಕಟ್ಟಾಗಿ ಮಲಗಿದ್ದ ಟಿಬಿ ಕರಪತ್ರ ಮಾತಿಗೆ ಒಪ್ಪಿತು. ಅಚ್ಚು ಹಾಕಿಸಿದವರ ಹೆಸರು ಬರೆಯಕೂಡದೆಂಬುದು ಅದರ ಷರತ್ತು. ಒಂದು ಮೈ ಮರಾಠಿ, ಇನ್ನೊಂದು ಮೈ ಹಿಂದಿ. ಆದರೂ ಮುಂಬಯಿಯಲ್ಲಿ ಹುಟ್ಟಿದ ಜೀವವಲ್ಲವೇ, ಕನ್ನಡದಲ್ಲೇ ಮಾತಾಡಿತು.

ನಮಸ್ಕಾರ. ಕೆಲಸ ಹೇಗೆ ನಡೆದಿದೆ?

ಮುಗಿದೇ ಹೋಗಿದೆ. ವರದಿಯಲ್ಲಿ ‘ಹಂಚಲಾಗಿದೆ’ ಎಂದು ಬರೆದಾಯಿತು.

ತಾವು ಇನ್ನೂ ಇಲ್ಲೇ ಇದ್ದೀರಲ್ಲ?

ಕಡತದಲ್ಲಿ ಹೋಗಿಯಾಗಿದೆ.

ಓದಿದವರೆಷ್ಟು ಮಂದಿ?

ವರದಿಯಲ್ಲಿ ಆ ಕಾಲಂ ಇಲ್ಲ.

ತಮ್ಮಲ್ಲಿ ಏನೇನಿದೆ?

ಮೊದಲು ಗಣ್ಯರ ಭಾವಚಿತ್ರ, ಅವರ ಸಂದೇಶ. ಆಮೇಲೆ 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದ ವೃತ್ತಾಂತ. ಶ್ವಾಸಕೋಶವನ್ನು ಸೀಳಿ ತೋರಿಸುವ ಚಿತ್ರ. ರಿಫಾಂಪಿಸಿನ್ ನುಂಗಿದರೆ ಉಚ್ಚೆ ಕೆಂಪಾಗುತ್ತದೆ, ಹೆದರಬೇಡಿ ಎಂಬುದೂ ಇದೆ. ತೀರಾ ಕೊನೆಯಲ್ಲಿ, ಮುದ್ರಣಾಲಯದ ಹೆಸರಿನ ಮೇಲೆ.

ಅದೇ ಮೊದಲು ಬರಬೇಕಿತ್ತಲ್ಲವೇ? ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ತಾಯಿಯೊಬ್ಬಳು ‘ಉಚ್ಚಿ ಕೆಂಪಗ ಬರಲತ್ತದ, ರಕ್ತ ಹೊಂಟದ’ ಎಂದು ಗಾಬರಿಯಾಗಿ ಗುಳಿಗೆ ಬಿಟ್ಟರೆ?

ಗಾಬರಿ ಆಕೆಯದು, ಸ್ಥಳಾಭಾವ ನನ್ನದು. ಗಣ್ಯರನ್ನು ಸಣ್ಣವರನ್ನಾಗಿ ಮಾಡಲಾದೀತೇ?

ಎರಡು ತಿಂಗಳಿಗೆ ಕೆಮ್ಮು ನಿಂತು ಮೈ ಹಗುರಾಗಿರುತ್ತದೆ. ಆದರೂ ಆರು ತಿಂಗಳು ನುಂಗಲೇಬೇಕು ಅಂತ ಹೇಳಿದ್ದೀರಾ?

ಇದೆಯಲ್ಲ! ‘ಚಿಕಿತ್ಸೆಯ ಸಂಪೂರ್ಣ ಅನುಪಾಲನೆ ಅಪೇಕ್ಷಣೀಯ.’

ಯಾರಿಗೆ ತಿಳಿಯಬೇಕು ಅದು? ನಡುವೆ ಬಿಟ್ಟರೆ ರೋಗ ಮದ್ದಿಗೆ ಬಗ್ಗದಂತಾಗಬಹುದು. ಯಾವ ಮದ್ದಿಗೂ ಜಗ್ಗದ ಟಿಬಿ ಎಂದು 2012ರ ಆರಂಭದಲ್ಲಿ ಸುದ್ದಿಯಾದದ್ದು ಇದೇ ಮುಂಬಯಿಯಿಂದ.

ಅದಕ್ಕೂ ಒಂದು ಕರಪತ್ರ ಮಾಡಿಸೋಣ.

ಟಿಬಿ ರೋಗಿಗಳ ಊಟಕ್ಕೆಂದು ಸರಕಾರ ಕೊಡುವ ನಿಕ್ಷಯ್ ಪೋಷಣ್ ಯೋಜನೆಯ ದುಡ್ಡು 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ತಮ್ಮ ಮೈಮೇಲೆ ಇನ್ನೂ 500 ಅಂತಿದೆ.

ಹಳೆಯ ದಾಸ್ತಾನು ಮುಗಿಯಬೇಕಲ್ಲ.

ಕನ್ನಡದಲ್ಲಿ ಯಾಕೆ ಬರಲಿಲ್ಲ?

ಇಲ್ಲಿ ಕನ್ನಡದವರು ಇದ್ದಾರೆಯೇ?

ಪಕ್ಕದ ವಡಾಲಾದಲ್ಲಿ ಕನ್ನಡಿಗರ ಎನ್‌ಕೆಇಎಸ್ ಶಾಲೆ ಇರುವುದು ಯಾರಿಗಾಗಿ ಅಂದುಕೊಂಡಿರಿ? ಮಹಾನಗರ ಪಾಲಿಕೆಯೂ ಕನ್ನಡ ಶಾಲೆ ನಡೆಸಿದೆ.

ಸರಿ, ಇದನ್ನೇ ಕನ್ನಡಕ್ಕೆ ಇಳಿಸಿದರಾಯಿತು.

ಇಳಿಸಿ ಏನು ಫಲ? ಆ ತಾಯಿಗೆ ಅಕ್ಷರವೇ ಬಾರದು. ಓದಿ ಹೇಳಬೇಕಾದ ಮಗ ಕಲಿಯುತ್ತಿರುವುದು ಹಿಂದಿ ಶಾಲೆಯಲ್ಲಿ.

ಅದು ಬೇರೆ ಇಲಾಖೆಗೆ ಸೇರಿದ್ದು.

ತಮ್ಮನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ?

ಪ್ರೂಫ್ ನೋಡಿದ್ದಾರೆ. ನನ್ನ ಇಂಗ್ಲಿಷ್ ಮೂಲಕ್ಕೆ ಬರಹ ಓದಲು ಎಷ್ಟು ಸುಲಭವೆಂದು ಅಳೆಯುವ, ಫ್ಲೆಶ್ ಎಂಬವರ 1948ರ ಸೂತ್ರವನ್ನೂ ಹಚ್ಚಿದ್ದರಂತೆ. ಒಳ್ಳೆಯ ಅಂಕ ಬಂತಂತೆ.

ಅದು ಇಂಗ್ಲಿಷ್ ಪದ, ವಾಕ್ಯಗಳ ಉದ್ದ ಎಣಿಸುವ ಸೂತ್ರ. ನಮ್ಮಲ್ಲಿ ಪ್ರತ್ಯಯ ಸೇರಿ ಪದ ತಾನಾಗಿ ಉದ್ದವಾಗುತ್ತದೆ, ಅರ್ಥ ಕಷ್ಟವೇನೂ ಆಗುವುದಿಲ್ಲ. ಅಮೆರಿಕದ ಡೋಕ್ ದಂಪತಿ ಮತ್ತು ಜೇನ್ ರೂಟ್ ತಮ್ಮಂಥ ಆರೋಗ್ಯದ ಕಾಗದಗಳಿಗೆಂದೇ 22 ಅಂಶಗಳ ಅಳತೆಯೊಂದನ್ನು ಮಾಡಿಟ್ಟಿದ್ದಾರೆ. ಹೇಳಬೇಕಾದದ್ದು ಮೊದಲೇ ಗೊತ್ತಾಗುತ್ತದೆಯೇ, ಚಿತ್ರದಿಂದ ಉಪಯೋಗವಿದೆಯೇ, ಓದುವವರ ಬದುಕಿಗೆ ಒಗ್ಗುತ್ತದೆಯೇ ಎಂದೆಲ್ಲ ನೋಡುತ್ತಾರೆ. ನೂರಕ್ಕೆ 40 ಬರದಿದ್ದರೆ ಕಾಗದ ಕೆಲಸಕ್ಕೆ ಬಾರದ್ದು.

ಹೊಳಪು ಕಾಗದಕ್ಕೆ ಎಷ್ಟು ಅಂಕ?

(ಇಷ್ಟರಲ್ಲಿ ಕಿಟಕಿಯಾಚೆ ಆರೋಗ್ಯ ಸೇವಿಕೆಯೊಬ್ಬಳು ಗುಳಿಗೆ ಕೊಟ್ಟು, ‘ಈಗ ನೀನೇ ಹೇಳಕ್ಕಾ, ಮನೆಗೆ ಹೋಗಿ ಏನು ಮಾಡ್ತಿ?’ ಎಂದು ಕೇಳುತ್ತಿದ್ದಳು. ಆ ಅಕ್ಕ ತಪ್ಪು ಹೇಳಿದಳು. ಸೇವಿಕೆ ಮತ್ತೆ ಹೇಳಿಕೊಟ್ಟಳು.)

ನೋಡಿದಿರಾ? ಒಂದು ಹಾಳೆಯೂ ಖರ್ಚಾಗಲಿಲ್ಲ.

ಅದೇ ನನ್ನ ಆಕ್ಷೇಪಣೆ! ಖರ್ಚಿಲ್ಲದ್ದಕ್ಕೆ ಬಿಲ್ ಹೇಗೆ ಮಾಡುವುದು?

ಸಂದರ್ಶನ ಅಲ್ಲಿಗೆ ನಿಂತಿತು. ಓದುಗರೇ, ನಿಮ್ಮ ಮನೆಯ ಯಾರಿಗಾದರೂ ಮದ್ದು ಬರೆದುಕೊಟ್ಟರೆ ಕಿಟಕಿ ಬಿಟ್ಟು ಕದಲಬೇಡಿ. ಯಾವುದು, ಯಾವಾಗ, ಎಷ್ಟು ದಿನ ಎಂದು ನಿಮ್ಮ ಮಾತಿನಲ್ಲೇ ಅವರೆದುರು ಒಪ್ಪಿಸಿ, ಸರಿ ಅನ್ನಿಸಿಕೊಂಡೇ ಹೊರಡಿ.