ಕಳ್ಳಿ ನುಡಿದ ಸಾಕ್ಷಿ

ಮೂವತ್ತೊಂದು ವರ್ಷಗಳ ಕಾಲ ತಾಲ್ಲೂಕು ಖಜಾನೆಯಲ್ಲಿ ಸರ್ಕಾರದ ಹಣವನ್ನು ಪೈಸೆ ತಪ್ಪದಂತೆ ಎಣಿಸಿ, ಒಂದೇ ಒಂದು ಆಡಿಟ್ ಆಕ್ಷೇಪಣೆಗೂ ಗುರಿಯಾಗದೆ ನಿವೃತ್ತನಾದ ನಾನು, ಆರು ವರ್ಷದ ಮಕ್ಕಳ ಹುಟ್ಟುಹಬ್ಬಕ್ಕೆ ಎಷ್ಟು ರೂಪಾಯಿಯ ಉಡುಗೊರೆಯನ್ನು ಕೊಡತಕ್ಕದ್ದು ಎಂಬ ಪ್ರಶ್ನೆಯ ಮುಂದೆ ಸೋತು ಕುಳಿತಿದ್ದೇನೆಂದರೆ, ಅದರಲ್ಲಿ ನನ್ನ ಬುದ್ಧಿಯ ದೋಷಕ್ಕಿಂತ ಕಾಲದ ದೋಷವೇ ಹೆಚ್ಚೆಂದು ಓದುಗರು ದಯವಿಟ್ಟು ನಂಬಬೇಕು. ನನ್ನ ಹೆಂಡತಿ ನಂಬಿಲ್ಲ.

ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ಮೊಮ್ಮಗಳ ಸಾಮಾಜಿಕ ಜೀವನದ ಭಾರವೆಲ್ಲ ಬೆಂಗಳೂರಿಗೆ ಬಂದು ನೆಲಸಿರುವ ನಮ್ಮಿಬ್ಬರ ಮೇಲೆ ಬಿದ್ದಿದೆ. ಆ ಜೀವನವಾದರೋ ನನ್ನ ಜೀವನಕ್ಕಿಂತ ಬಹಳ ವಿಸ್ತಾರವಾದುದು. ಹೋದ ಜೂನ್‌ನಿಂದ ಈ ಮಾರ್ಚಿಯವರೆಗೆ ತರಗತಿಯವರು, ಕಟ್ಟಡದವರು, ಭರತನಾಟ್ಯದವರು ಎಲ್ಲ ಸೇರಿ ಇಪ್ಪತ್ತಮೂರು ವರ್ಧಂತಿಗಳು ನಡೆದುವು. ನಮ್ಮ ತಂದೆಯವರ ಕಾಲದಲ್ಲಿ ವರ್ಧಂತಿಯೆಂದರೆ ಮಹಾರಾಜರದು. ನಮಗೆಲ್ಲ ಜನ್ಮನಕ್ಷತ್ರದ ದಿನ ತಲೆಗೆ ಎಣ್ಣೆ, ಎಲೆಗೆ ಪಾಯಸ, ಅಷ್ಟೆ. ಆದರೆ ಈಗ ಸಿಂಹಾಸನದಂಥ ಕುರ್ಚಿಯನ್ನು ಬಾಡಿಗೆಗೆ ತಂದು, ಕಿರೀಟವಿಟ್ಟು ಮಗುವನ್ನು ಕೂರಿಸುವುದನ್ನು ಕಂಡ ಮೇಲೆ ಬೇರೆ ಮಾತನ್ನು ಬಳಸಲು ನನಗೆ ಧೈರ್ಯವಾಗದು. ತಲಾ ಮುನ್ನೂರೈವತ್ತರಂತೆ ಇಪ್ಪತ್ತಮೂರಕ್ಕೆ 8,050 ರೂಪಾಯಿ. ನಾನು ಉದ್ಯೋಗಕ್ಕೆ ಸೇರಿದ ವರ್ಷ ಆರು ತಿಂಗಳ ಸಂಬಳವನ್ನು ಮುಟ್ಟದೆ ಕೂಡಿಟ್ಟಿದ್ದರೂ ಇಷ್ಟಾಗುತ್ತಿರಲಿಲ್ಲ.

ಇಂಥ ವ್ಯವಹಾರಕ್ಕೆ ನಮ್ಮ ಮನೆಯಲ್ಲಿ ಪೂರ್ವಾಧಾರವಿಲ್ಲದೆ ಇರಲಿಲ್ಲ. ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ ಮುಯ್ಯಿ ಪುಸ್ತಕವೊಂದನ್ನು ನಮ್ಮ ತಂದೆಯವರು ನಲವತ್ತು ವರ್ಷ ನಡೆಸಿದ್ದರು. ಎಡಗಡೆ ‘ಬಂದದ್ದು’, ಬಲಗಡೆ ‘ಹೋದದ್ದು’. ಆ ಪುಸ್ತಕವನ್ನು ಪೆಟ್ಟಿಗೆಯ ತಳದಿಂದ ತೆಗೆದು, ಅದರ ಮಾದರಿಯಲ್ಲಿಯೇ ಒಂದು ಹೊಸ ಪುಸ್ತಕವನ್ನು ಗೆರೆ ಹಾಕಿ ಸಿದ್ಧಪಡಿಸಿದಾಗ ನನಗಾದ ಆನಂದವನ್ನು ಮುಚ್ಚಿಡಲಾರೆ. ಹಿಂದಿನ ವರ್ಷ ಕರೆದವರು ನಮ್ಮ ಹುಡುಗಿಗೆ ಕೊಟ್ಟ ವಸ್ತುವಿನ ಅಂದಾಜು ಬೆಲೆ, ಅದರ ಮೇಲೆ ಹತ್ತನೆಯ ಒಂದು ಪಾಲು ಧಾರಣೆಯ ಏರಿಕೆ, ಊಟಕ್ಕೆ ನಮ್ಮ ಕಡೆಯಿಂದ ಹೋಗುವ ಎಲೆಗಳ ಸಂಖ್ಯೆ, ಇವಿಷ್ಟನ್ನೂ ಸೇರಿಸಿ ಒಂದು ಸೂತ್ರವನ್ನು ಕಟ್ಟಿದೆ. ಸೂತ್ರದಲ್ಲಿ ಎರಡು ತೊಡಕುಗಳು ತೋರಿಬಂದುವು. ಬಂದ ವಸ್ತುಗಳ ಬೆಲೆಯನ್ನು ತಿಳಿಯಲು ನಾನು ಅವನ್ನೆಲ್ಲ ಕೈಚೀಲದಲ್ಲಿ ಹೊತ್ತು ಅಂಗಡಿಗೆ ಹೋಗಬೇಕಾಯಿತು. ಅಂಗಡಿಯವನು ‘ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂಬ ಹಲಗೆಯನ್ನು ಬೆರಳಿನಿಂದ ತೋರಿಸಿದನೇ ಹೊರತು ಬಾಯಿ ಬಿಡಲಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ: ದೊಡ್ಡ ಹೋಟೆಲಿನಲ್ಲಿ ಕರೆದವರಿಗೆ ಹೆಚ್ಚು, ಮನೆಯಲ್ಲೇ ಕೇಸರೀಬಾತು ಕೆದಕಿ ಕರೆದವರಿಗೆ ಕಡಿಮೆ ಎಂದು ಸೂತ್ರ ಹೇಳಿದರೆ, ಕೇಸರೀಬಾತನ್ನು ತಿಂದ ಮನಸ್ಸು ಅದರ ವಿರುದ್ಧವಾಗಿ ಹೇಳುತ್ತಿತ್ತು.

‘ನೂರೊಂದು ರೂಪಾಯಿ ಕವರಿನಲ್ಲಿಟ್ಟು ಕೊಟ್ಟುಬಿಡಿ, ಪೀಡೆ ಹೋಯಿತು’ ಎಂದಳು ನನ್ನ ಹೆಂಡತಿ. ‘ಕವರಿನ ಜೊತೆ ಆಟವಾಡುವುದಕ್ಕೆ ಆಗುತ್ತದೆಯಾ?’ ಎಂದಳು ಮೊಮ್ಮಗಳು. ನ್ಯಾಯ ಮೊಮ್ಮಗಳ ಕಡೆಗಿತ್ತು.

ಆದುದರಿಂದ ಮೊದಲ ವರ್ಷ ನಾನು ಚನ್ನಪಟ್ಟಣವನ್ನು ಆಶ್ರಯಿಸಿದೆ. ಮೈಸೂರಿನ ಮದುವೆಯೊಂದರಿಂದ ಹಿಂದಿರುಗುವಾಗ, ಹೊಸ ಹೆದ್ದಾರಿ ಆ ಊರನ್ನು ದೂರದಿಂದಲೇ ಬಳಸಿಕೊಂಡು ಹೋಗುವುದನ್ನು ಸಹಿಸಲಾರದೆ, ಹಳೆಯ ದಾರಿಯ ಬಸ್ಸನ್ನೇ ಹಿಡಿದು ಬಂದು ಇಳಿದುಕೊಂಡೆ. ಅಲ್ಲಿಯ ಒಂದು ಕಾರ್ಖಾನೆಯ ಬಾಗಿಲಲ್ಲಿ ನಿಂತು ನೋಡಿದ ದೃಶ್ಯ ಈಗಲೂ ಕಣ್ಣಿನಲ್ಲಿದೆ. ಹಾಲೆಮರದ ಬಿಳಿಯ ತುಂಡೊಂದು ಕಡಸಲಿನಲ್ಲಿ ಗಿರ್ರನೆ ತಿರುಗುತ್ತಿದೆ. ಕುಶಲಿಯೊಬ್ಬ ಅರಗಿನ ಕೆಂಪು ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ, ಬೆಂಕಿಯ ಹಂಗಿಲ್ಲದೆ, ಬರಿಯ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಬಣ್ಣದ ಸೀರೆ ಉಡಿಸುತ್ತದೆ. ಆಮೇಲೆ ಒಣಗಿದ ತಾಳೆಗರಿಯ ಚೂರನ್ನು ಒತ್ತಿದನೆಂದರೆ ಆ ಬಣ್ಣ ಕನ್ನಡಿಯಂತೆ ಹೊಳೆಯುತ್ತದೆ. ನಾನು ಮುಗ್ಧನಾದೆ, ಮುಗ್ಧನಾದ ಭರದಲ್ಲಿಯೂ ಸಗಟು ದರವನ್ನು ವಿಚಾರಿಸಲು ಮರೆಯದೆ, ಒಂದು ಡಜನ್ ಗಾಲಿಯ ಆನೆಗಳನ್ನು ಒಟ್ಟಿಗೆ ಕೊಂಡೆ. ಒಂದೇ ತರಗತಿಯ ಮಕ್ಕಳಿಗೆ ಹನ್ನೆರಡು ಏಕರೂಪದ ಆನೆಗಳು ಸಂದುವು. ಅದರಿಂದ ನನ್ನ ಮೊಮ್ಮಗಳಿಗೆ ಶಾಲೆಯಲ್ಲಿ ‘ಎಲಿಫೆಂಟ್’ ಎಂಬ ಬಿರುದು ಬಂದದ್ದನ್ನೂ, ಲೆಕ್ಕ ತಪ್ಪಿ ಒಬ್ಬ ಹುಡುಗನಿಗೆ ಎರಡು ವರ್ಷವೂ ಆನೆಯನ್ನೇ ಕೊಟ್ಟಾಗ ಅವನ ತಾಯಿ ‘ಜೋಡಿಯಾಯಿತು ಬಿಡಿ ಅಂಕಲ್’ ಎಂದದ್ದನ್ನೂ ಇಲ್ಲಿ ವಿಸ್ತರಿಸಲಾರೆ.

ಹೀಗೆ ಮರವನ್ನು ಬಿಟ್ಟು ಪ್ಲಾಸ್ಟಿಕ್ಕಿಗೆ ಬಂದೆ. ಆಟಿಕೆಯ ಅಂಗಡಿಯಲ್ಲಿ ಕಾಲಿಟ್ಟೊಡನೆ ಅಲ್ಲಿಯ ತರುಣ ಕೇಳುವ ಮೊದಲ ಪ್ರಶ್ನೆ, ‘ಬಾಯಾ, ಗರ್ಲಾ ಸಾರ್?’ ಗಂಡೆಂದರೆ ನೀಲಿಯ ಗೋಡೆ, ಬಂದೂಕು, ಕಾರು. ಹೆಣ್ಣೆಂದರೆ ಗುಲಾಬಿಯ ಗೋಡೆ, ಪುಟ್ಟ ಕುಕ್ಕರು, ಪುಟ್ಟ ಸೌಟು, ಪುಟ್ಟ ಇಸ್ತ್ರಿಪೆಟ್ಟಿಗೆ. ಆರು ವರ್ಷಕ್ಕೇ ಇಸ್ತ್ರಿಪೆಟ್ಟಿಗೆಯನ್ನು ಕೈಗೆ ಕೊಡುವ ಈ ವಿವೇಕ ಯಾರದೆಂದು ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಅಜ್ಜಿಗೂ ಹತ್ತು ವರ್ಷದವರೆಗೆ ಸೌಟಿನಿಂದ ವಿನಾಯಿತಿಯಿತ್ತು. ನಾನು ಗೋಡೆಗಳನ್ನು ಲಕ್ಷಿಸದೆ ಡಬ್ಬಗಳ ಬೆನ್ನನ್ನು ಓದುತ್ತೇನೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿರುವುದನ್ನು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡವನು ಆ ಅಂಗಡಿಯ ಗಿರಾಕಿಗಳಲ್ಲಿ ನಾನೊಬ್ಬನೇ ಇರಬೇಕು. ಮೂರು ವರ್ಷದೊಳಗಿನವರಿಗೆ ಸಲ್ಲದೆಂದು ಸೂಚಿಸುವ, ಅಡ್ಡಗೆರೆ ಹೊಡೆದ ಕೂಸಿನ ಮುಖವನ್ನು ಹುಡುಕುತ್ತ, ಎರಡು ಕನ್ನಡಕಗಳನ್ನು ಅದಲುಬದಲು ಮಾಡುತ್ತ ನಾನು ಒಂದು ಗಂಟೆ ನಿಂತರೆ, ತರುಣ ನನ್ನ ಸುತ್ತ ನೆಲ ಒರೆಸಿಕೊಂಡು ಹೋಗುತ್ತಾನೆ.

ಅಂಥದೊಂದು ಸಂಜೆ ನನ್ನ ಬೆನ್ನ ಹಿಂದೆ ಯಾರೋ ನನ್ನ ಕೆಮ್ಮನ್ನು ಕೆಮ್ಮಿದರು. ತಿರುಗಿ ನೋಡಿದರೆ ಕುಂಡದಲ್ಲಿ ನಿಂತ, ಹಸಿರು ಮಖಮಲ್ಲಿನ, ಮೊಳದುದ್ದದ ಒಂದು ಕಳ್ಳಿಗಿಡ. ‘ಇದೇನಿದು?’ ಎಂದೆ. ಅದು ಸೊಂಟವನ್ನು ಬಳುಕಿಸುತ್ತ, ಶೀತ ಹಿಡಿದ ಇಲಿಮರಿಯ ಕಂಠದಲ್ಲಿ, ‘ಇದೇನಿದು?’ ಎಂದಿತು. ಮೂವತ್ತೊಂದು ವರ್ಷದ ಸೇವೆಯಲ್ಲಿ ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿ, ಅಕ್ಷರ ಬಿಡದೆ ಒಪ್ಪಿಸಿದ ಗುಮಾಸ್ತೆ ಒಬ್ಬನೂ ಇರಲಿಲ್ಲ. 349 ರೂಪಾಯಿ. ಸೂತ್ರವೂ 350 ಎಂದೇ ಹೇಳುತ್ತಿತ್ತು. ಇದು ದೈವಸಂಕಲ್ಪವಲ್ಲದೆ ಮತ್ತೇನು? ಮನೆಗೆ ತಂದ ಮೇಲೆ ಎರಡು ರಾತ್ರಿ, ಪರೀಕ್ಷಾರ್ಥವಾಗಿ, ಎಲ್ಲರೂ ಮಲಗಿದ ನಂತರ ನಾನು ಅದಕ್ಕೆ ನನ್ನ ಬಡ್ತಿ ತಪ್ಪಿದ ವೃತ್ತಾಂತವನ್ನು ಹೇಳಿದೆನೆಂಬುದು ನಿಜ. ಅದೂ ನನಗೆ ಹೇಳಿತು. ಮೂರನೆಯ ಸಂಜೆ ಅವಸರದಲ್ಲಿ ಬಣ್ಣದ ಕಾಗದವನ್ನು ಸುತ್ತುವಾಗ ಕುಂಡದ ತಳದ ಸ್ವಿಚ್ಚನ್ನು ಆರಿಸಲು ಮರೆತೆ.

ಎರಡನೆಯ ಮಹಡಿಯ ಹುಡುಗನ ವರ್ಧಂತಿ ನಮ್ಮ ಕಟ್ಟಡದ ಸಭಾಂಗಣದಲ್ಲೇ ನಡೆಯಿತು. ಬಲೂನುಗಳ ಕಮಾನು, ಧ್ವನಿವರ್ಧಕ, ಮೈಕು ಹಿಡಿದು ‘ಆಂಕರ್’ ಎಂಬ ಅಭಿಧಾನದಿಂದ ಕುಣಿದಾಡುವ, ಅಜ್ಜಂದಿರನ್ನು ನೃತ್ಯಕ್ಕೆ ಎಳೆಯುವ ಒಬ್ಬ ನಿಷ್ಕರುಣಿ. ಆ ಗಲಭೆಯಲ್ಲಿ ನಮ್ಮ ಪೊಟ್ಟಣ ಕಾಣಿಕೆಗಳ ರಾಶಿಯ ಮೇಲೆ ಕುಳಿತು ಏನನ್ನು ಹೇಳುತ್ತಿತ್ತೋ ಯಾರಿಗೆ ಕೇಳಬೇಕು? ನಾನು ರಾಶಿಯ ಪಕ್ಕದ ಕುರ್ಚಿಯನ್ನೇ ಆರಿಸಿಕೊಂಡಿದ್ದೆ. ಅಲ್ಲಿಂದ ಇತರರ ಕಾಣಿಕೆಗಳ ಗಾತ್ರ ಚೆನ್ನಾಗಿ ಕಾಣುತ್ತದೆ. ಕೊನೆಗೆ ದೀಪಗಳನ್ನು ಆರಿಸಿದರು. ಆಂಕರ್ ತುಟಿಯ ಮೇಲೆ ಬೆರಳಿಟ್ಟ. ಆರು ಮೇಣದ ಬತ್ತಿಗಳ ಮುಂದೆ ಹುಡುಗ ಕೆನ್ನೆಗಳನ್ನು ಪೂರಿಯಂತೆ ಉಬ್ಬಿಸಿಕೊಂಡ. ಆ ಪವಿತ್ರ ನಿಶ್ಶಬ್ದದಲ್ಲಿ, ಮನುಷ್ಯಮಾತ್ರರಿಗೆ ಕೇಳಿಸದಷ್ಟು ಮೆಲ್ಲಗೆ, ನಾನು ಹೆಂಡತಿಯ ಕಿವಿಯಲ್ಲಿ ನನ್ನ ಅಂದಾಜನ್ನು ಪಿಸುಗುಟ್ಟಿದೆ. ಒಂದು ಕ್ಷಣ ಕಳೆಯಿತು. ಆಮೇಲೆ ಕತ್ತಲಿನೊಳಗಿಂದ, ಇಲಿಮರಿಯ ಕಂಠದಲ್ಲಿ, ಇಡೀ ಸಭೆಗೆ ಕೇಳುವಂತೆ ಹೊರಟಿತು:

‘ನೋಡಿದೆಯಾ, ಆ ಬೃಹತ್ ಪೆಟ್ಟಿಗೆಯಲ್ಲಿ ವಾಯುವೇ ಅಧಿಕ. ಇನ್ನೂರರ ಮಾಲು. ನಮ್ಮದು ಮುನ್ನೂರ ನಲವತ್ತೊಂಬತ್ತು. ಹೋದ ವರ್ಷ ಇವರು ಕೊಟ್ಟದ್ದು ಯಃಕಶ್ಚಿತ್ ಬಣ್ಣದ ಪೆನ್ಸಿಲು. ಇರಲಿ, ಮೂವರ ಊಟದಲ್ಲಿ ಸರಿಹೋಗುತ್ತದೆ.’

ಧ್ವನಿ ನನ್ನದಾಗಿರಲಿಲ್ಲ, ಆ ಆಧಾರದ ಮೇಲೆ ನಾನು ಪಾರಾಗಬಹುದಾಗಿತ್ತು. ಆದರೆ ನಮ್ಮ ನಾಲ್ಕು ಮಹಡಿಗಳಲ್ಲಿ ‘ವಾಯುವೇ ಅಧಿಕ’ ಎನ್ನುವವನು, ‘ಯಃಕಶ್ಚಿತ್’ ಎನ್ನುವವನು ಒಬ್ಬನೇ ಒಬ್ಬನಿದ್ದಾನೆ. ಒಂದು ಜನ್ಮ ಕಷ್ಟಪಟ್ಟು ರೂಢಿಸಿಕೊಂಡ ಗ್ರಂಥಸ್ಥ ಶೈಲಿ ಈ ರೀತಿ ನನ್ನ ವಿರುದ್ಧ ಸಾಕ್ಷಿ ನುಡಿಯುತ್ತದೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ‘ಶಿವ ಶಿವಾ!’ ಎಂದೆ. ‘ಶಿವ ಶಿವಾ!’ ಎಂದಿತು ಪೊಟ್ಟಣ. ‘ಸ್ವಿಚ್ಚು ಆರಿಸಿ ಅಂತ ಬಡಕೊಂಡೆನಲ್ಲ!’ ಎಂದಳು ನನ್ನ ಹೆಂಡತಿ, ಪೊಟ್ಟಣವೂ ಬಡಕೊಂಡಿತು. ಹುಡುಗನ ಅಜ್ಜಿ, ಊರಿನಿಂದ ಹಿಂದಿನ ದಿನವಷ್ಟೇ ಬಂದಿದ್ದವರು, ಗಾಬರಿಯಿಂದ ‘ಯಾರವ್ವಾ ಅದು, ಕತ್ತಲಲ್ಲಿ?’ ಎಂದರೆ, ಅದು ಅವರನ್ನೇ ‘ಯಾರವ್ವಾ ಅದು, ಕತ್ತಲಲ್ಲಿ?’ ಎಂದು ಪ್ರತಿಯಾಗಿ ಕೇಳಿತು. ಅವರು ಕೈಮುಗಿದರು. ಯಾರೋ ದೀಪ ಹಾಕಿದರು. ಕಾಣಿಕೆಗಳ ರಾಶಿಯ ನೆತ್ತಿಯ ಮೇಲೆ, ನವಿಲಿನ ಚಿತ್ರದ ಕಾಗದವನ್ನು ಹೊದ್ದ ನಮ್ಮ ಪೊಟ್ಟಣ ಒಳಗೊಳಗೇ ಸೊಂಟವನ್ನು ಬಳುಕಿಸುತ್ತ, ಪರಪರ ಸದ್ದು ಮಾಡುತ್ತ, ಅಂಗುಲಂಗುಲವಾಗಿ ನನ್ನ ಕಡೆಗೇ ಸರಿಯುತ್ತಿತ್ತು.

ಇಲ್ಲಿಗೆ ನಿಂತಿದ್ದರೆ ಒಳ್ಳೆಯದಿತ್ತು. ಆದರೆ ಆ ಆಂಕರ್ ಮಹಾಶಯ, ತನ್ನ ವೃತ್ತಿಜೀವನದ ಪರಮ ಮುಹೂರ್ತ ಒದಗಿತೆಂದು ತಿಳಿದು, ಪೊಟ್ಟಣಕ್ಕೆ ಮೈಕನ್ನು ಹಿಡಿದ. ಅಷ್ಟು ಹೊತ್ತಿಗೆ ಮಕ್ಕಳೆಲ್ಲ ‘ಯಃಕಶ್ಚಿತ್! ಯಃಕಶ್ಚಿತ್!’ ಎಂದು ಕೂಗತೊಡಗಿದ್ದರು. ಕಳ್ಳಿ ಅದನ್ನು ಮೈಕಿಗೆ ಹೇಳಿತು. ಧ್ವನಿವರ್ಧಕ ಕಳ್ಳಿಗೆ ಹೇಳಿತು. ಕಳ್ಳಿ ಪುನಃ ಧ್ವನಿವರ್ಧಕಕ್ಕೆ ಹೇಳಿತು. ಹೀಗೆ ಮನುಷ್ಯರ ಸಹಾಯವಿಲ್ಲದೆ ಆ ಸಂಸ್ಕೃತ ಶಬ್ದ ಸಭಾಂಗಣದ ನಾಲ್ಕು ಗೋಡೆಗಳ ನಡುವೆ ಸ್ವಯಂಭುವಾಗಿ ಅನುರಣಿಸುತ್ತಿರಲು, ಮೇಣದ ಬತ್ತಿಗಳು ಯಾರೂ ಊದದೆ ತಾವಾಗಿಯೇ ಕೇಕಿನ ಮೇಲೆ ಕರಗಿ ಹರಿದುವು. ಬೃಹತ್ ಪೆಟ್ಟಿಗೆಯನ್ನು ತಂದಿದ್ದ ಮಹಿಳೆ ನನ್ನ ಬಳಿಗೆ ಬಂದು ಬಹು ಸೌಜನ್ಯದಿಂದ, ‘ಅದು ಒಂಬೈನೂರು, ಅಂಕಲ್’ ಎಂದರು. ಹುಡುಗನ ತಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಊಟ ಮಾಡಿಕೊಂಡೇ ಹೋಗಬೇಕು ಸಾರ್, ಲೆಕ್ಕ ಸರಿಹೋಗಲಿ’ ಎಂದರು. ಮಾಡಿದೆ. ಗುಲಾಬ್ ಜಾಮೂನು ಚೆನ್ನಾಗಿತ್ತೆಂದು ಕಾಣುತ್ತದೆ. ಹೊರಡುವಾಗ ಫಲತಾಂಬೂಲದ ಸ್ಥಾನದಲ್ಲಿ ಈಗ ಕೊಡುವ ರಿಟರ್ನ್ ಗಿಫ್ಟನ್ನು ಮೊಮ್ಮಗಳ ಕೈಗಿತ್ತರು: ಒಂದು ಡಬ್ಬ ಬಣ್ಣದ ಪೆನ್ಸಿಲು.

ಆ ರಾತ್ರಿ ನಿದ್ರೆ ಬಾರದೆ ತಂದೆಯವರ ಪುಸ್ತಕವನ್ನು ತಿರುವುತ್ತ ಕುಳಿತೆ. ಇಷ್ಟೊಂದು ಲೆಕ್ಕವಿಟ್ಟ ಅವರು ಒಮ್ಮೆಯಾದರೂ ಸಿಕ್ಕಿಬಿದ್ದಿದ್ದರೇ ಎಂದು ನೋಡುವ ಆಸೆಯಿಂದ. ಅಲ್ಲಿ ನಮ್ಮೂರಿನ ಅಂಗಡಿ ಬೀದಿಯ ದರ್ಜಿಯ ಹೆಸರಿಗೆ ಒಂದು ಇಡೀ ಪುಟವಿತ್ತು. ಎಡಗಡೆ, ನನ್ನ ಅಣ್ಣನ ನಾಮಕರಣದಿಂದ ಮೊದಲುಗೊಂಡು, ಹನ್ನೊಂದು ಕಲಮುಗಳು: ಅಂಗಿ 1, ಅಂಗಿ 1, ಲಂಗ 1, ಕುಲಾವಿ 1, ಅಂಗಿ 1, ಹೀಗೆ. 1963ರ ಅಂಗಿ ನನ್ನದು. ಅದರ ನೀಲಿಯ ಗುಂಡಿಗಳು ನನಗೆ ನೆನಪಿವೆ. ಹೊಲಿದವನ ಮುಖ ನೆನಪಾಗಲೊಲ್ಲದು. ಬಲಗಡೆ ಏನೂ ಇರಲಿಲ್ಲ. ಆ ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ನಾಮಕರಣವಿಲ್ಲ, ಮದುವೆಯಿಲ್ಲ, ಬಾಡಿಗೆಯ ಮನೆಯಾದ್ದರಿಂದ ಗೃಹಪ್ರವೇಶವೂ ಇಲ್ಲ. ಮುಯ್ಯಿ ತೀರಿಸುವುದಕ್ಕೆ ಅವರು ಯಾರಿಗೂ ಒಂದು ನೆಪವನ್ನು ಕೊಡಲಿಲ್ಲ. ತಂದೆಯವರು ಹಬ್ಬಕ್ಕೆ ಕರೆದು ಊಟ ಹಾಕಿರಬಹುದು. ಅದಕ್ಕೆ ಪುಸ್ತಕದಲ್ಲಿ ಕಲಮಿರಲಿಲ್ಲ. ಪುಟದ ಅಡಿಯಲ್ಲಿ, ಬಲಗಡೆ, ಸೀಸದ ಕಡ್ಡಿಯಿಂದ ‘ಬಾಕಿ’ ಎಂದು ಬರೆದಿತ್ತು. ಮಿಕ್ಕ ಪುಸ್ತಕವೆಲ್ಲ ಮಸಿಯದು.

ನನ್ನ ಹೊಸ ಪುಸ್ತಕಕ್ಕೆ ಹತ್ತು ದಿನ ಕೈ ಹಾಕಲಿಲ್ಲ.

ಹನ್ನೊಂದನೆಯ ದಿನ ಬಾಗಿಲ ಗಂಟೆ ಬಾರಿಸಿತು. ಎರಡನೆಯ ಮಹಡಿಯ ಹುಡುಗ, ಕಂಕುಳಲ್ಲಿ ಕಳ್ಳಿ. ‘ತಾತಾ, ಇದಕ್ಕೆ ಮಾತು ನಿಂತುಹೋಯಿತು. ಅಪ್ಪ ಹೇಳಿದರು, ತಂದವರನ್ನೇ ಕೇಳು ಅಂತ.’ ಕೆಳಗಿನ ಅಂಗಡಿಯಿಂದ ಮೂರು ಶೆಲ್ಲುಗಳನ್ನು ತಂದು, ತಳದ ತಿರುಪನ್ನು ಕಷ್ಟಪಟ್ಟು ಬಿಚ್ಚಿ, ಧನ ಋಣಗಳನ್ನು ನೋಡಿ ಕೂಡಿಸಿದೆ. ಹುಡುಗ ನೆಲದ ಮೇಲೆ ಕುಳಿತು ಕಾದ. ಅಭ್ಯಾಸಬಲದಿಂದ ಪುಸ್ತಕವನ್ನು ತೆರೆದು, ಇದನ್ನು ಯಾವ ಕಡೆಗೆ ಬರೆಯುವುದೆಂದು ತೋಚದೆ, ಪೆನ್ನನ್ನು ಹಿಡಿದುಕೊಂಡು ‘ಮೂರು ಶೆಲ್ಲು, ಅರವತ್ತು ರೂಪಾಯಿ’ ಎಂದು ಗೊಣಗಿದೆ.

ಕಳ್ಳಿಯೂ ಗೊಣಗಿತು.