ಓದಿ ಒತ್ತಿದ ಹೆಬ್ಬೆಟ್ಟು

ಊರಿನಿಂದ ಅಮೆರಿಕದ ಸನ್ನಿವೇಲ್‌ಗೆ ಬರುವವರ 23 ಕಿಲೋ ಸೂಟ್‌ಕೇಸಿನಲ್ಲಿ ಅವರ ಸ್ವಂತ ಬಟ್ಟೆಬರೆ ಐದು ಕಿಲೋ ಇದ್ದರೆ ಹೆಚ್ಚು. ಮಿಕ್ಕಿದ್ದೆಲ್ಲ ಚಟ್ನಿಪುಡಿ, ಹುಳಿಪುಡಿ, ಹಪ್ಪಳ, ಸಂಡಿಗೆ. ಜೊತೆಗೆ ಎಷ್ಟು ಪ್ಲಾಸ್ಟಿಕ್ ಸುತ್ತಿದರೂ ಸೋರಿಯೇ ತೀರುವ ಉಪ್ಪಿನಕಾಯಿ. ಇಷ್ಟನ್ನೂ ಹುರಿದು, ಕುಟ್ಟಿ, ಒಣಗಿಸಿ ಮೈಸೂರಿನಿಂದ ಕಳಿಸುವ ತಾಯಿಗೆ ಮಗ ಏನಾದರೂ ಹೇಳಬೇಕಲ್ಲ?

ಏರೋಗ್ರಾಮಿನ ಕಾಲದಲ್ಲಿ ಅಂಚಿನಲ್ಲೂ ಅಡ್ಡಡ್ಡ ಬರೆದು ಹೇಳುತ್ತಿದ್ದರು. ಕಾಲಿಂಗ್ ಕಾರ್ಡ್ ಬಂದಾಗ "ಹಲೋ, ಕೇಳಿಸ್ತಿದ್ಯಾ?" ಎಂದು ಕಿರುಚುವುದರಲ್ಲೇ ಅರ್ಧ ದುಡ್ಡು ಕರಗಿ, ಉಪ್ಪಿನಕಾಯಿಯ ವಿಷಯಕ್ಕೆ ಬರುವಷ್ಟರಲ್ಲಿ ಇನ್ನೊಂದೇ ನಿಮಿಷವೆಂದು ಯಾವಳೋ ಎಚ್ಚರಿಸುತ್ತಿದ್ದಳು. ಈಗ ವಾಟ್ಸಾಪ್. ದುಡ್ಡಿನ ಲೆಕ್ಕವಿಲ್ಲ, ನಿಮಿಷದ ಲೆಕ್ಕವಿಲ್ಲ, ಮಾತೂ ಇಲ್ಲ. 2022ರಲ್ಲಿ ಬಂದ ಮೆಸೇಜಿನ ಮೇಲೇ ಹೆಬ್ಬೆಟ್ಟು ಒತ್ತುವ ಸೌಕರ್ಯ ಶುರುವಾಯಿತು; ನಮ್ಮವರಿಗೆ ಪರಮ ಸುಖ. ಅವರ ಮುತ್ತಜ್ಜಿ ಓದು ಬಾರದೆ ಹೆಬ್ಬೆಟ್ಟು ಒತ್ತಿದರು; ಇವರು ಎಂ.ಎಸ್. ಓದಿ ಒತ್ತುತ್ತಾರೆ.

"ಏನಮ್ಮ ಇದು, ಹೆತ್ತ ತಾಯಿಗೇ ಬೆರಳು ತೋರಿಸ್ತಾನೆ?" ಅತ್ತೆ ನನ್ನನ್ನು ಕೇಳಿದರು.

ನಾನು ಮಾತು ತಿರುಗಿಸಿದೆ. "ಅತ್ತೆ, ಈ ಸಲ ಚಟ್ನಿಪುಡಿಗೆ ಹುಣಸೇಹಣ್ಣು ಒಂಚೂರು ಮುಂದಾಗಿದೆ."

"ಹೌದಾ? ನನಗೂ ಅನುಮಾನ ಇತ್ತು. ಅದು ಹೊಸ ಹಣ್ಣು ಕಣೆ!" ಅಲ್ಲಿಂದ ಹಣ್ಣು ಕೊಟ್ಟ ಅಂಗಡಿಯವನು, ಅವನ ಮಗಳ ಮದುವೆ, ಆ ಮದುವೆಯಲ್ಲಿ ಸಾಲದೆ ಹೋದ ಹೋಳಿಗೆ, ಹೀಗೆ ಮುಕ್ಕಾಲು ಗಂಟೆ. ಕೊನೆಗೆ, "ಎಷ್ಟು ಉಳಿದಿದೆ?" ಎಂದರು. "ಡಬ್ಬ ತಳ ಕಾಣ್ತಿದೆ" ಎಂದೆ. ಅವರಿಗೆ ಅಷ್ಟು ಸಾಕಾಯಿತು. ನಮ್ಮಲ್ಲಿ ಉಪಕಾರ ಸ್ಮರಣೆ ನಡೆಯುವುದೇ ಹೀಗೆ: ಸಣ್ಣದೊಂದು ದೂರು, ಬರಿದಾದ ಒಂದು ಡಬ್ಬ.

ಇದು ಇಲ್ಲಿ ಹುಟ್ಟಿದ ಮಕ್ಕಳಿಗೆ ಅರ್ಥವಾಗದು. ನವೆಂಬರಿನ ನಾಲ್ಕನೇ ಗುರುವಾರ, ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಬಿಸಿಬೇಳೆಬಾತ್ ಬಡಿಸಿದ್ದೆ. ಒಬ್ಬೊಬ್ಬರೂ ಒಬ್ಬರಿಗೆ ಥ್ಯಾಂಕ್ಸ್ ಹೇಳಲೇಬೇಕೆಂದು ಮಗಳ ಕಟ್ಟಪ್ಪಣೆ. ನಮ್ಮವರು ಗಂಟಲು ಸರಿಮಾಡಿಕೊಂಡು, "ದಿನಾ ಅಡುಗೆ ಮಾಡಿ ಹಾಕ್ತೀಯ, ಥ್ಯಾಂಕ್ಸ್" ಅಂದರು. ನನ್ನ ಎದೆ ಧಸಕ್ಕೆಂದಿತು.

"ಏನ್ರೀ, ಕೆಲಸ ಹೋಯ್ತಾ?"

ಮಗಳು ತಲೆ ಚಚ್ಚಿಕೊಂಡು ಅಜ್ಜಿಗೆ ವಿಡಿಯೋ ಕಾಲ್ ಮಾಡಿದಳು. ಇಲ್ಲಿ ಸಂಜೆ ಆರು. ಅಲ್ಲಿ ಶುಕ್ರವಾರ ಬೆಳಿಗ್ಗೆ ಏಳೂವರೆ, ಅತ್ತೆ ದೇವರಿಗೆ ಹೂ ಕಟ್ಟುತ್ತ ಕೂತಿದ್ದರು. "ಅಜ್ಜೀ, ಚಟ್ನಿಪುಡಿಗೆ ಥ್ಯಾಂಕ್ ಯೂ ಸೋ ಮಚ್!"

ಅತ್ತೆಯ ಕೈ ನಿಂತಿತು.

"ಯಾಕೆ ಪುಟ್ಟಿ, ಇನ್ನು ಬೇಡ್ವಾ?"