ಓಡಿಹೋಗುವವರ ಧಾರೆ ಸೀರೆ

ಉಡುಪಿನ ಚಿಂತೆಯಿಲ್ಲದೆ ಓಡಿಹೋದವಳೆಂದರೆ ರುಕ್ಮಿಣಿಯೇ. ಶಿಶುಪಾಲನ ಮದುವೆಗೆಂದು ಮಾಡಿಸಿದ್ದ ಶೃಂಗಾರದಲ್ಲೇ ದೇವಿಯ ಗುಡಿಗೆ ಹೋದಳು, ಹಾಗೆಯೇ ಕೃಷ್ಣನ ರಥ ಹತ್ತಿದಳು. ಖರ್ಚು ತವರಿನದು, ವರ ತನ್ನಿಷ್ಟದವನು!

ಈಗಿನ ಹುಡುಗಿಗೆ ಅಷ್ಟು ಸಲೀಸಿಲ್ಲ. ಜರತಾರಿ ಕಂಚಿ ಸೀರೆಯುಟ್ಟು ಬೆಳಗ್ಗೆ ಆರಕ್ಕೆ ಹೊಸಿಲು ದಾಟಿದರೆ, "ಯಾರ ಮದುವೆಯಮ್ಮ?" ಎಂದು ಹಾಲಿನವನೇ ಕೇಳುತ್ತಾನೆ. ಚೀಲಕ್ಕೆ ತುರುಕೋಣವೆಂದರೆ ಅದು ಮಡಿಕೆಗೆ ಬಗ್ಗುವುದಿಲ್ಲ. ಮೈಸೂರು ಕ್ರೇಪ್ ರೇಷ್ಮೆಯಾದರೆ ಮೆತ್ತಗೆ ಪುಸ್ತಕಗಳ ಕೆಳಗೆ ತೆಪ್ಪಗಿರುತ್ತದೆ. ಆದರೆ ಬೆಲೆ ಕೇಳಿದರೆ ಓಡುವ ಹುರುಪೇ ಇಳಿದೀತು. ಆಗ ಕಣ್ಣು ಅಮ್ಮನ ಬೀರುವಿನ ಮೇಲೆ. ಅದು ಬೇಡವೇ ಬೇಡ: ಮಗಳು ಹೋದದ್ದನ್ನು ತಾಯಿ ಎಂದಾದರೂ ಕ್ಷಮಿಸಿಯಾಳು, ಸೀರೆ ಹೋದದ್ದನ್ನು ಕ್ಷಮಿಸಳು.

ಹುಡುಗನಿಗೇನು, ಇಸ್ತ್ರಿ ಮಾಡಿದ ಒಂದು ಅಂಗಿ ಸಾಕು.

1954ರ ವಿಶೇಷ ವಿವಾಹ ಕಾಯ್ದೆಯಂತೂ ಕೇಳುವುದು 30 ದಿನದ ನೋಟಿಸು, ಮೂವರು ಸಾಕ್ಷಿಗಳು, ಕಾನೂನಿಗೊಪ್ಪುವ ವಯಸ್ಸು. ಸೀರೆಯ ಅಂಚು, ಸೆರಗಿನ ಬಗ್ಗೆ ಒಂದಕ್ಷರವಿಲ್ಲ. ರವಿಕೆ ಹೊಲಿಸಲು 30 ದಿನ ಧಾರಾಳ, ದರ್ಜಿ ಮಾತಿಗೆ ತಪ್ಪದಿದ್ದರೆ! ಆದ್ದರಿಂದ ಓಡುವವರೇ, ನೋಟಿಸಿಗಿಂತ ಮೊದಲು ರವಿಕೆಗೆ ಅಳತೆ ಕೊಡಿ. ಹೈಹೀಲ್ಡ್ ಚಪ್ಪಲಿ ಮಾತ್ರ ಮನೆಯಲ್ಲೇ ಬಿಡಿ.